ಜಾವಗಲ್ಲಿನ ಗೋಡೆಯೂ ಮೇಷ್ಟ್ರ ಸತ್ಯವೇದವೂ

ಬೇಲೂರು ಹಳೇಬೀಡುಗಳನ್ನು ಒಂದೇ ದಿನದಲ್ಲಿ ಮುಗಿಸಿ ಊರಿಗೆ ಮರಳುವ ಆತುರದಲ್ಲಿ ನಮ್ಮ ಪಟ್ಟಣದ ಸಂಸಾರಗಳು ಜಾವಗಲ್ಲನ್ನು ಬಿಟ್ಟೇಬಿಡುತ್ತವೆ. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹೊಯ್ಸಳ ದೇವಾಲಯಗಳಲ್ಲಿ ಇದಕ್ಕೆ ಸ್ಥಾನವಿಲ್ಲ. ಕ್ರಿಕೆಟ್ ಬಲ್ಲ ಹುಡುಗರಿಗೆ ಮಾತ್ರ ಶ್ರೀನಾಥರ ಹೆಸರಿನ ಮುಂದೆ ಕೇಳಿದ ಊರು. ಅರಸೀಕೆರೆ ತಾಲ್ಲೂಕಿಗೆ ಸೇರಿದ ಈ ಊರಿನಲ್ಲಿ ನಾನಾ ಕಡೆಗಳ ಜನ ಹರಕೆ ಹೊತ್ತು ಬರುವ ದರ್ಗಾ ಉಂಟು. ಹದಿಮೂರನೆಯ ಶತಮಾನದ ನಡುಗಾಲದಲ್ಲಿ ಕಟ್ಟಿದ ಲಕ್ಷ್ಮೀನರಸಿಂಹ ದೇವಾಲಯವೂ ಉಂಟು. ಗುಡಿ ತ್ರಿಕೂಟ. ಆದರೆ ನಡುವಣ ಗರ್ಭಗೃಹದ ಮೇಲೆ ಮಾತ್ರ ಶಿಖರವಿರುವುದರಿಂದ ಹೊರಗಿನಿಂದ ನೋಡಿದವರಿಗೆ ಏಕಕೂಟವೆಂಬ ಭ್ರಾಂತಿ.

ಈ ಸಲ ನನ್ನೊಡನೆ ಬಂದವರು ಹಾಸನದಲ್ಲಿ ನೆಲಸಿರುವ ನಿವೃತ್ತ ಉಪಾಧ್ಯಾಯರು. ಕ್ರೈಸ್ತರು, ಮೂವತ್ತು ವರ್ಷ ಕನ್ನಡ ಕಲಿಸಿದವರು. ಅವರ ಚೀಲದಲ್ಲಿ ಬೆನ್ನು ಹರಿದ ಸತ್ಯವೇದವೊಂದು, ರಟ್ಟಿನ ನೋಟುಪುಸ್ತಕವೊಂದು ಸದಾ ಇರುತ್ತವೆ. ಬೆಂಗಳೂರಿನಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮೊಮ್ಮಗಳು ಒಮ್ಮೆ, “ತಾತ, ನಿಮ್ಮ ಬೈಬಲ್ಲು ನನಗೆ ಅರ್ಥವಾಗುವುದಿಲ್ಲ” ಎಂದಳಂತೆ. ಅಂದಿನಿಂದ ಅವರು ಅವಳಿಗಾಗಿ ಆ ಗ್ರಂಥದ ಕಠಿಣ ಶಬ್ದಗಳ ಕೋಶವೊಂದನ್ನು ಅಕಾರಾದಿಯಾಗಿ ಬರೆಯುತ್ತಿದ್ದಾರೆ. ಕಣ್ಣಿನಲ್ಲಿ ಪೊರೆ ಬೆಳೆಯುತ್ತಿದೆ. ಕೆಲಸ ಮುಗಿಯುವ ಮುನ್ನ ದೃಷ್ಟಿ ಕೈಕೊಟ್ಟೀತೆಂಬ ಅಳುಕೂ ಇದೆ. ಅದನ್ನು ಅವರು ಹೇಳುವುದಿಲ್ಲ. ಬರೆದ ಅಕ್ಷರದ ಗಾತ್ರವೇ ಪುಟದಿಂದ ಪುಟಕ್ಕೆ ದೊಡ್ಡದಾಗುತ್ತ ಹೋಗಿ ಹೇಳುತ್ತದೆ.

ಗುಡಿಯ ಹೊರಗೋಡೆಯ ತಳದಲ್ಲಿ ಆನೆ, ಕುದುರೆ, ಬಳ್ಳಿ, ಕಥಾಪಟ್ಟಿಕೆ, ಮಕರ, ಹಂಸಗಳ ಸಾಲುಗಳು ಒಂದರ ಮೇಲೊಂದು ಹರಿದಿವೆ. ಹೊಯ್ಸಳ ಗುಡಿಗಳಲ್ಲಿ ಕಥೆ ಸಾಮಾನ್ಯವಾಗಿ ಪ್ರದಕ್ಷಿಣೆಯ ದಿಕ್ಕಿನಲ್ಲಿ ಸಾಗುವುದು. ಗೋಡೆಗೆ ಮುಖಮಾಡಿ ನಿಂತವನಿಗೆ ಅದು ಬಲದಿಂದ ಎಡಕ್ಕೆ ಓಡುತ್ತದೆಂದು ನಾನು ಹೇಳಿದಾಗ ಮೇಷ್ಟ್ರು ನಕ್ಕು, “ಹೀಬ್ರೂ ಓದಿದ ಹಾಗೆ!” ಎಂದರು. ಹಳೆಯ ಒಡಂಬಡಿಕೆಯ ಮೂಲಭಾಷೆಯ ಲಿಪಿಯೂ ಬಲದಿಂದ ಎಡಕ್ಕೇ.

ಮೇಲಿನ ಸಾಲಿನ ವಿಷ್ಣುಮೂರ್ತಿಗಳ ಮುಂದೆ ಅವರು ಬಹಳ ಹೊತ್ತು ನಿಂತರು. ಎಲ್ಲವೂ ಒಂದೇ ತೆರನಾಗಿ ಕಾಣುತ್ತವಲ್ಲ, ಗುರುತಿಸುವುದು ಹೇಗೆ ಎಂಬುದು ಅವರ ಪ್ರಶ್ನೆ. ಶಂಖ, ಚಕ್ರ, ಗದೆ, ಪದ್ಮಗಳು ನಾಲ್ಕು ಕೈಗಳಲ್ಲಿ ಸ್ಥಾನ ಬದಲಿಸಿದಂತೆ 24 ರೂಪಗಳಾಗುತ್ತವೆ. ಕೇಶವನಾರು, ಮಾಧವನಾರು ಎಂಬುದನ್ನು ಕೈಗಳನ್ನು ಕ್ರಮವಾಗಿ ಓದಿಯೇ ಹೇಳಬೇಕು. ಕೀಲಿ ಗೊತ್ತಿಲ್ಲದವನಿಗೆ ಇದು ಬರಿಯ ಕುಸುರಿ, ಗೊತ್ತಿದ್ದವನಿಗೆ ಗ್ರಂಥ. ಈ ಗುಡಿಯಲ್ಲಿ ಕೆಲಸ ಮಾಡಿದ ಮಲ್ಲಿತಮ್ಮನಂತಹ ರೂವಾರಿಗಳು ಭಕ್ತರಿಗೆ ಆ ಕೀಲಿ ಗೊತ್ತಿದೆಯೆಂದೇ ನಂಬಿ ಉಳಿಯಾಡಿಸಿದವರು.

ಇದಕ್ಕೆ ಮೇಷ್ಟ್ರು ಕೂಡಿಸಿದ ಮಾತು ನನಗೆ ಹೊಸದು. ಇಲ್ಲಿ ಕಲ್ಲು ಕಡೆಯುತ್ತಿದ್ದ ಶತಮಾನದಲ್ಲಿಯೇ ಯೂರೋಪಿನಲ್ಲಿ ಬೈಬಲ್ಲನ್ನು ಓದುವ ಕೀಲಿಗಳೂ ಸಿದ್ಧವಾಗುತ್ತಿದ್ದವಂತೆ. ಇಂದು ಬಳಕೆಯಲ್ಲಿರುವ ಅಧ್ಯಾಯ ವಿಭಾಗ ಹದಿಮೂರನೆಯ ಶತಮಾನದ ಆರಂಭದಲ್ಲಿ ಸ್ಟೀಫನ್ ಲಾಂಗ್ಟನ್ ಎಂಬಾತನಿಂದ ಬಂದುದು. ಪ್ಯಾರಿಸ್ಸಿನ ಸಂತ ಜಾಕ್ ಮಠದಲ್ಲಿ ಸೇಂಟ್ ಶೇರಿನ ಹ್ಯೂ ಎಂಬಾತನ ನೇತೃತ್ವದ ಡೊಮಿನಿಕನ್ ಸನ್ಯಾಸಿಗಳು 1230ರ ದಶಕದಲ್ಲಿ ಲ್ಯಾಟಿನ್ ಬೈಬಲ್ಲಿನ ಪದಾನುಕ್ರಮಣಿಕೆಯನ್ನು ರಚಿಸಿದರು. ಯಾವ ಶಬ್ದ ಎಲ್ಲೆಲ್ಲಿ ಬಂದಿದೆಯೆಂಬ ಪಟ್ಟಿ ಅದು. ಆಗ ವಚನಸಂಖ್ಯೆಗಳಿರಲಿಲ್ಲ; ಒಂದೊಂದು ಅಧ್ಯಾಯವನ್ನೂ ಏಳು ಭಾಗವಾಗಿ ಎಣಿಸಿ ಸ್ಥಳ ಸೂಚಿಸಿದರು. ಈಗಿನ ವಚನಸಂಖ್ಯೆಗಳನ್ನು ರಾಬರ್ಟ್ ಎಸ್ತಿಯೆನ್ ಎಂಬ ಮುದ್ರಕ ಹೊಸ ಒಡಂಬಡಿಕೆಗೆ ಸೇರಿಸಿದ್ದು 1551ರಲ್ಲಿ.

ಕನ್ನಡದ ಕಥೆ ಇನ್ನೂ ಸ್ವಾರಸ್ಯದ್ದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಅನುವಾದಕ್ಕೆ ಕುಳಿತರು. ಇಡೀ ಬೈಬಲ್ಲು ಕನ್ನಡದಲ್ಲಿ ದೊರೆತುದು 1831ರ ಹೊತ್ತಿಗೆ. ಅವರ ಜೊತೆಗಾರ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ, 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟುಗಳನ್ನು ಹೊರತಂದರು. ಬಾಸೆಲ್ ಮಿಷನ್ನಿನ ಕಿಟ್ಟೆಲ್ಲರು ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿಗೆ ಇಳಿಸಿ 1862ರಲ್ಲಿ ‘ಕಥಾಮಾಲೆ’ ಬರೆದರು; ಕೇಶಿರಾಜನ ವ್ಯಾಕರಣವನ್ನೂ ನಾಗವರ್ಮನ ಛಂದಶ್ಶಾಸ್ತ್ರವನ್ನೂ ಸಂಪಾದಿಸಿದರು; 1894ರಲ್ಲಿ ಸುಮಾರು 70,000 ಶಬ್ದಗಳ ನಿಘಂಟನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಮಿಷನ್ನಿನ ಅಗತ್ಯಕ್ಕೆಂದು ಮೊದಲಾದ ಪುಸ್ತಕವಿಲ್ಲದೆ ಇಂದು ಪಂಪನನ್ನು ಪಾಠ ಹೇಳುವ ಧೈರ್ಯ ನನಗಂತೂ ಇಲ್ಲ. ಮತಪ್ರಚಾರದ ಬಗೆಗೆ ನಮ್ಮವರಿಗೆ ಏನೇ ಅಭಿಪ್ರಾಯವಿರಲಿ, ಈ ಋಣವನ್ನು ಮರೆಮಾಚುವುದು ವಿದ್ವತ್ತಿಗೆ ಶೋಭಿಸದು.

ಜಾವಗಲ್ಲಿಗೂ ಇದಕ್ಕೂ ಇನ್ನೊಂದು ನಂಟಿದೆ. ಬೆಂಗಳೂರಿನಲ್ಲಿದ್ದ ಬೆಂಜಮಿನ್ ರೈಸ್ ಎಂಬ ಪಾದ್ರಿ ಕನ್ನಡ ಬೈಬಲ್ಲಿನ ಪರಿಷ್ಕರಣೆಯಲ್ಲಿ ದುಡಿದವರು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯ ಅವರ ಹೆಸರಿನದು. ಅವರ ಮಗನೇ ನಮ್ಮ ಬಿ. ಎಲ್. ರೈಸ್. ಅರಸೀಕೆರೆ, ಬೇಲೂರು ತಾಲ್ಲೂಕುಗಳ ಶಾಸನಗಳು ಅಚ್ಚಾದುದು ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟದಲ್ಲಿ, 1902ರಲ್ಲಿ. ತಂದೆ ತನ್ನ ವೇದವನ್ನು ಕನ್ನಡದಲ್ಲಿ ತಿದ್ದಿದರು, ಮಗ ಈ ಸೀಮೆಯ ಕಲ್ಲುಗಳನ್ನು ಓದಿಸಿದರು.

ಗುಡಿಯ ಜಗತಿಯ ಮೇಲೆ ಕುಳಿತು ಬುತ್ತಿ ಬಿಚ್ಚಿದಾಗ ಮೇಷ್ಟ್ರು ನೋಟುಪುಸ್ತಕ ತೆರೆದರು. ‘ಒಡಂಬಡಿಕೆ’ ಎಂಬಲ್ಲಿ ಅವರಿಗೆ ತೃಪ್ತಿಯಿರಲಿಲ್ಲ. ಮೊಮ್ಮಗಳಿಗೆ ಆ ಶಬ್ದ ಗೊತ್ತು, ಆದರೆ ಪತ್ರಿಕೆಯಿಂದ: ಸರ್ಕಾರವೂ ಕಂಪನಿಗಳೂ ಸಹಿ ಹಾಕುವ ಕಾಗದವೆಂದು. ದೇವರು ಜನರೊಡನೆ ಹಾಗೆ ಸಹಿ ಹಾಕಿದನೇ ಎಂದು ಅವಳು ಕೇಳಿದ್ದಳು. ಶಾಸನಗಳಲ್ಲಿ ಭೂಮಿ ಬಿಟ್ಟುಕೊಡುವವರು ‘ಒಡಂಬಟ್ಟು’ ಕೊಡುತ್ತಾರೆ, ಮಾತು ಕಲ್ಲಿಗೇರುತ್ತದೆ, ಕೊನೆಗೆ ಅದನ್ನು ಮುರಿದವನಿಗೆ ಶಾಪವಿರುತ್ತದೆ ಎಂದೆ. ಮೇಷ್ಟ್ರು ಒಂದು ಕ್ಷಣ ಸುಮ್ಮನಿದ್ದು, “ಶಾಪ ಇಲ್ಲಿಯೂ ಉಂಟು, ಇವರೇ; ಕಲ್ಲೂ ಉಂಟು. ಮೋಶೆಯ ಆಜ್ಞೆಗಳು ಕಲ್ಲಿನ ಹಲಗೆಯ ಮೇಲೆಯೇ” ಎಂದರು. ಕಾಗದದ ಅರ್ಥವನ್ನು ಹೊಡೆದುಹಾಕಿ, ದಪ್ಪ ಅಕ್ಷರದಲ್ಲಿ ‘ಕಲ್ಲಿಗೇರಿಸಿದ ಮಾತು’ ಎಂದು ಬರೆದುಕೊಂಡರು. ಸ್ವರಗಳೆಲ್ಲ ಮುಗಿದಿವೆ; ವ್ಯಂಜನಗಳಲ್ಲಿ ಈಗ ‘ಪ’ಕಾರ ನಡೆಯುತ್ತಿದೆ.