ಕಸ, ನೀರು, ಪಾಳಿ

28 ಮಾರ್ಚ್ 2025, ಶುಕ್ರವಾರ
ಮೋಮಿನಪುರ, ಕಲಬುರಗಿ

ರಮಜಾನ್ ತಿಂಗಳ ಕೊನೆಯ ಶುಕ್ರವಾರ. ನಾಡಿದ್ದು ಯುಗಾದಿ, ಚಂದ್ರ ಕಂಡರೆ ಅದರ ಮರುದಿನವೇ ಈದ್. ಹಬ್ಬ ಎರಡೂ ಮನೆಗೆ ಬಂದರೂ ಮಾಳಿಗೆಯ ಜೇಡರಬಲೆ, ಟ್ರಂಕಿನ ಧೂಳು ಅಂತ ಒದ್ದಾಡುತ್ತಿರುವವರು ನಾವು ಮಾತ್ರ. ಪಕ್ಕದ ಮನೆ ಆಪಾ ಸುಣ್ಣ-ಬಣ್ಣವನ್ನೆಲ್ಲ ಉಪವಾಸ ಶುರುವಾಗುವ ಮುಂಚೆಯೇ ಮುಗಿಸಿದ್ದರು. ಈಗ ದಿನಾ ಸಹರಿ ಊಟದ ಭಾಂಡಿ ತಿಕ್ಕಿ, ನಮಾಜು ಮುಗಿಸಿ, ಕಸ ಹೊಡೆದೇ ತುಸು ಅಡ್ಡಾಗುತ್ತಾರೆ.

“ರೋಜಾ ಇದ್ದಾಗ ಮಧ್ಯಾಹ್ನ ಮೈ ಬಗ್ಗಂಗಿಲ್ಲ ತಂಗಿ. ಹೊತ್ತು ಏರೂದ್ರಾಗ ಮಾಡಿದ್ದೇ ಕೆಲ್ಸ” ಅಂದರು.

ನನ್ನದು ಹಾಗಲ್ಲ, ತೋಚಿದಾಗ ಹಿಡಿಯುವ ಕಸಬರಿಗೆ. ದನಕ್ಕೆ ಗೂಟ ಇದ್ದಂತೆ ಮನೆಗೆಲಸಕ್ಕೂ ಒಂದು ಹೊತ್ತು ಬೇಕು ಅನ್ನಿಸಿತು.

3 ಏಪ್ರಿಲ್, ಗುರುವಾರ

ಆಫೀಸಿನ ಬೇಸಿಗೆ ವೇಳೆ ಶುರು: ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30. ನಮ್ಮ ವಿಭಾಗಕ್ಕೂ ವಿಜಯಪುರ, ಬಾಗಲಕೋಟೆಗಳಿಗೂ ಏಪ್ರಿಲ್-ಮೇ ತಿಂಗಳಲ್ಲಿ ಸರ್ಕಾರ ಕೊಡುವ ಸವಲತ್ತು ಇದು. ಸವಲತ್ತೋ ಶಿಕ್ಷೆಯೋ, ಏಳಕ್ಕೆಲ್ಲ ರೊಟ್ಟಿ ಆಗಿರಬೇಕು. ರೊಟ್ಟಿ ಬಡಿದ ಮೇಲೆ ಕಟ್ಟೆ ತುಂಬ ಜೋಳದ ಹಿಟ್ಟು. ಹಂಚು ಇಳಿಸಿದ ಕೂಡಲೇ ಹಸಿ ಅರಿವೆ ಆಡಿಸಿದರೆ ಆಯಿತು. ಸಂಜೆಗೆ ಬಿಟ್ಟರೆ ಒಣಗಿ ಹಕ್ಕಳೆಗಟ್ಟುತ್ತದೆ. ಅದೊಂದನ್ನು ಹಿಡಿದಿದ್ದೇನೆ, ಕಟ್ಟೆ ಒರೆಸದೆ ಹೊಸ್ತಿಲು ದಾಟುವುದಿಲ್ಲ.

ನೆಲದ್ದು ಬೇರೆ ಕತೆ. ಶಹಾಬಾದ್ ಫರಸಿ ತಂಪೇನೋ ತಂಪು, ಆದರೆ ಅದು ಸುಣ್ಣದಕಲ್ಲು. ಕಲೆ ಹೋಗಲಿ ಅಂತ ಆಸಿಡ್ ಸುರಿದರೆ ಕಲ್ಲೇ ನೊರೆಯೆದ್ದು ಸವೆದುಹೋಗುತ್ತದೆ, ಆಮೇಲೆ ಆ ಒರಟು ಜಾಗದಲ್ಲೇ ಧೂಳು ಕೂರುತ್ತದೆ. ಅದಕ್ಕೆ ಬೇಕಾದದ್ದು ದಿನದ ಕಸಬರಿಗೆ, ನಡುನಡುವೆ ಬರಿ ನೀರಿನ ಅರಿವೆ. ಅವ್ವ ದೀಪ ಹಚ್ಚಿದ ಮೇಲೆ ಕಸ ಹೊಡೆಯಲು ಬಿಡುತ್ತಿರಲಿಲ್ಲ, ಲಕ್ಷ್ಮಿ ಹೋಗುತ್ತಾಳಂತೆ. ಲಕ್ಷ್ಮಿ ವಿಷಯ ಅವಳಿಗೇ ಗೊತ್ತು. ನನಗಂತೂ ಐದರ ಇಳಿಬಿಸಿಲಿನಲ್ಲೇ ಕಸ ಚೆನ್ನಾಗಿ ಕಾಣುತ್ತದೆ.

13 ಏಪ್ರಿಲ್, ರವಿವಾರ

ನೀರು ಬಂದ ದಿನ. ದಿನಾ ಬಾರದ ನೀರು ಬಂದಾಗ ಕೊಡ, ಬಕೆಟ್, ಡ್ರಮ್, ನೀರಿನ ತೊಟ್ಟಿ ಅಂದರೆ ನಮ್ಮ ಹೌದು, ಕಂಡದ್ದೆಲ್ಲ ತುಂಬಬೇಕು. ಓರಣದ ಮನೆಯ ಚಿತ್ರಗಳಲ್ಲಿ ಈ ಡ್ರಮ್ಮುಗಳು ಎಲ್ಲೂ ಇರುವುದಿಲ್ಲ. ನಮ್ಮಲ್ಲಿ ಅರ್ಧ ಅಂಗಳ ಅವುಗಳದ್ದೇ.

ಲಾರ್ವಾ ನೋಡಲು ಬಂದ ಆಶಾ ಕಾರ್ಯಕರ್ತೆ ಹೌದಿನೊಳಗೆ ಟಾರ್ಚ್ ಬಿಟ್ಟು, “ಖಾಲಿ ಮಾಡಿದ್ರ ಸಾಲಂಗಿಲ್ರಿ ಅಕ್ಕಾರ, ಗ್ವಾಡಿ ತಿಕ್ರಿ” ಅಂದಳು. ಡೆಂಗಿ ಹರಡುವ ಈಡಿಸ್ ಸೊಳ್ಳೆ ನೀರಿನ ಅಂಚಿನ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ನೀರು ಒಣಗಿದರೂ ಮೊಟ್ಟೆ ತಿಂಗಳುಗಟ್ಟಲೆ ಸಾಯದೆ, ಮತ್ತೆ ನೀರು ತುಂಬಿದಾಗ ಒಡೆಯುತ್ತದೆ. ಮರಿ ಸೊಳ್ಳೆಯಾಗಲು ಸುಮಾರು ಒಂದು ವಾರ ಸಾಕು, ಹಾಗಾಗಿ ವಾರಕ್ಕೊಮ್ಮೆ ತಿಕ್ಕಲೇಬೇಕು. ಶೋಕೇಸಿನ ಧೂಳು ಒಂದು ತಿಂಗಳು ಕಾದೀತು, ಹೌದು ಕಾಯುವುದಿಲ್ಲ.

27 ಏಪ್ರಿಲ್, ರವಿವಾರ

21 ದಿನ ಮಾಡಿದರೆ ಯಾವ ಕೆಲಸವಾದರೂ ರೂಢಿಯಾಗುತ್ತದೆ ಅಂತ ಮಗ ಭಾಷಣ ಬಿಗಿದ. ಕುರ್ಚಿಯ ಮೇಲೆ ಅವನ ಒಣಗಿದ ಬಟ್ಟೆಯ ಗುಡ್ಡ ಹಾಗೇ ಇತ್ತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು ಇದನ್ನು ಅಳೆದು ನೋಡಿದ್ದಾರೆ: ಸರಾಸರಿ 66 ದಿನ, ಕೆಲವರಿಗೆ 18, ಕೆಲವರಿಗೆ 254ರ ತನಕ. ನಡುವೆ ಒಂದು ದಿನ ತಪ್ಪಿದರೂ ಕೆಡುವುದಿಲ್ಲ ಅನ್ನುವುದೂ ಅದರಲ್ಲೇ ಇದೆ. ಆ ಮಾತು ನನಗೆ ಹಿಡಿಸಿತು.

ಅವನಿಗೆ ಇನ್ನೊಂದು ಲೆಕ್ಕವನ್ನೂ ಓದಿ ಹೇಳಿದೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ಕೊಡುತ್ತಾರೆ. ಇವರು ಪೇಪರಿನಿಂದ ತಲೆ ಎತ್ತಿ, “88 ಯಾರ್ ಮಾಡ್ತಾರ?” ಅಂದರು. ನಮ್ಮ ಮನೆಯಲ್ಲಂತೂ ಯಾರೂ ಇಲ್ಲ ಅಂದೆ. ಕ್ಯಾಲೆಂಡರಿನ ಹಿಂದೆ ಪಾಳಿ ಬರೆದು ಹಚ್ಚಿದ್ದೇನೆ: ಹಸಿ ಕಸ, ಒಣ ಕಸ ಬೇರೆ ಮಾಡಿ ಗಾಡಿಗೆ ಹಾಕುವುದು ಮಗನದು, ಹೌದು ತಿಕ್ಕುವುದು ಇವರದು.

11 ಮೇ, ರವಿವಾರ

ಕಸದ ಗಾಡಿಯ ಹಾಡು ಕೇಳಿದರೆ ಮಗ ಈಗ ತಾನಾಗಿ ಏಳುತ್ತಾನೆ. ಹೌದಿಗೆ ಇನ್ನೂ ನೆನಪಿಸಬೇಕು. ನೆನಪಿಸುವುದೂ ಒಂದು ಕೆಲಸವೇ, ಅದು ಯಾವ ಸಮೀಕ್ಷೆಗೆ ಸಿಕ್ಕೀತೋ.

ಇನ್ನೊಂದು ರೂಢಿ ಕೊರೋನಾ ಕಾಲದ್ದು. ದೇಶದ ಮೊದಲ ಕೊರೋನಾ ಸಾವು 2020ರ ಮಾರ್ಚ್‌ನಲ್ಲಿ ನಮ್ಮ ಊರಿನವರದೇ ಆಗಿತ್ತು. ಮುಂದೆ ಮೋಮಿನಪುರದ ಓಣಿಗಳಿಗೂ ಬ್ಯಾರಿಕೇಡ್ ಬಿತ್ತು. ಆಗ ಕಾಯಿಪಲ್ಲೆಯನ್ನೂ ತೊಳೆದು ಬಿಸಿಲಿಗೆ ಇಡುತ್ತಿದ್ದೆವು. ಆಗಿನ ರೂಢಿಗಳಲ್ಲಿ ಉಳಿದದ್ದು ಒಂದೇ: ಚಪ್ಪಲಿ ಹೊರಗೆ, ಕೈಕಾಲು ತೊಳೆದು ಒಳಗೆ. ಹೊಸ್ತಿಲ ಪಕ್ಕದಲ್ಲೇ ನಳ ಇದೆ, ಅದಕ್ಕೇ ಉಳಿಯಿತು.

ಜೂನ್‌ನಿಂದ ಆಫೀಸು ಮತ್ತೆ 10ರಿಂದ 5:30. ಐದರ ಕಸ ನನ್ನ ಕೈಗೆ ಸಿಗುವುದಿಲ್ಲ. ಅದನ್ನೂ ಮಗನ ಪಾಳಿಗೆ ಬರೆದಿದ್ದೇನೆ. ಅವನು ಇನ್ನೂ ನೋಡಿಲ್ಲ.