ಅಪ್ಪನ ಜೀಪು ಮತ್ತು ಒಂದೇ ಚಕ್ರದ ಹಟ

ಹೋದ ವರ್ಷ ಜುಲೈನಲ್ಲಿ ಅಪ್ಪ ಫೋನ್ ಮಾಡಿ, ಎಷ್ಟಿಂಚು ಮಳೆ ಬಂತು, ಕಾಫಿಗೆ ಕೊಳೆರೋಗ ಎಲ್ಲೆಲ್ಲಿ ಕಾಣ್ತಿದೆ ಅಂತೆಲ್ಲ ಹೇಳಿ, ಇಡೋ ಮುಂಚೆ ಮೆಲ್ಲಗೆ, "ಮೊನ್ನೆ ರಾತ್ರಿ ಜೀಪು ಹೂತ್ಕೊಂಡಿತ್ತು ಕಣೋ. ಬೆಳಕು ಹರಿಯೋವರೆಗೂ ಅದರೊಳಗೇ ಕೂತಿದ್ದೆ" ಅಂದ್ರು.

ಅಪ್ಪನಿಗೆ 69. ಲೈನ್‌ಮನೆಯ ಮಗುವೊಂದಕ್ಕೆ ಜ್ವರ ಅಂತ ಸಕಲೇಶಪುರದ ಆಸ್ಪತ್ರೆಗೆ ಬಿಟ್ಟು ಒಬ್ಬರೇ ವಾಪಸ್ ಬರ್ತಿದ್ದರಂತೆ. ತೋಟದ ಹಳ್ಳದ ಪಕ್ಕದ ಏರಿನಲ್ಲಿ ಸಿಗ್ನಲ್ ಇಲ್ಲ. ಇಳಿದು ನಡೆಯೋಣ ಅಂದ್ರೆ ಆ ವಾರ ಆನೆ ಓಡಾಡ್ತಿದ್ವು.

ಶನಿವಾರವೇ ಊರಿಗೆ ಹೋಗಿ ಅದೇ ಏರಿಗೆ ಜೀಪು ಹತ್ತಿಸಿದೆ. ಫೋರ್ ವೀಲ್ ಹಾಕಿ, ಲೋ ಗೇರ್ ಹಾಕಿ ಒತ್ತಿದರೆ ಮುಂದೊಂದು, ಹಿಂದೊಂದು ಚಕ್ರ ಕೆಸರು ಎರಚ್ತಾ ಗರಗರ ತಿರುಗಿತು. ಗಟ್ಟಿ ನೆಲದ ಮೇಲಿದ್ದ ಇನ್ನೆರಡು ಚಕ್ರ ಸುಮ್ಮನೆ ನಿಂತಿದ್ದವು. ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಓಡಬೇಕಲ್ಲ, ಅದಕ್ಕೇ ಡಿಫರೆನ್ಷಿಯಲ್ ಇರೋದು. ಆದರೆ ಮಾಮೂಲಿ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಒಂದೇ ಸಮ ಬಲ ಕೊಡುತ್ತೆ. ಒಂದು ಕಡೆ ಹಿಡಿತ ಇಲ್ಲ ಅಂದ್ರೆ ಗಟ್ಟಿ ನೆಲದಲ್ಲಿರೋದಕ್ಕೂ ಅಷ್ಟೇ ಸಿಗೋದು. ಫೋರ್ ವೀಲ್ ಅನ್ನೋದು ಅರ್ಧ ಸುಳ್ಳು ಅಂತ ನನಗೆ ಗೊತ್ತಾಗಿದ್ದು ಅವತ್ತು, ಮಂಡಿವರೆಗೂ ಕೆಸರಿನಲ್ಲಿ ನಿಂತು.

ಬೆಂಗಳೂರಿಗೆ ಬಂದು, ಆಫೀಸಿನ ಎಕ್ಸೆಲ್ ಬುದ್ಧಿಯಲ್ಲಿ, ಅತ್ಯಂತ ಬಲವಾದದ್ದನ್ನೇ ಹಾಕಿಸೋಣ ಅಂದ್ಕೊಂಡೆ: ಲಾಕರ್. ಕೆಲವು ಥಾರ್‌ಗಳಿಗೆ ಹಿಂದಿನ ಆಕ್ಸಲ್‌ನಲ್ಲಿ ಕಂಪನಿಯಿಂದಲೇ ಬರುತ್ತೆ. ಲಾಕ್ ಆದರೆ ಎರಡೂ ಚಕ್ರ ಒಟ್ಟಿಗೇ ತಿರುಗಲೇಬೇಕು. ಹಾಸನದ ಮೆಕ್ಯಾನಿಕ್ ಕೇಳಿದ ಪ್ರಶ್ನೆ ಒಂದೇ. "ಸಾರ್, ಓಡಿಸೋದು ಯಾರು?"

ಅಲ್ಲಿಗೆ ನನ್ನ ಲೆಕ್ಕ ಕೆಟ್ಟಿತು. ಸ್ವಿಚ್ ಒತ್ತಿ ಹಾಕೋ ಲಾಕರ್ ಅಪ್ಪ ಆಫ್ ಮಾಡೋದು ಮರೆತು ಟಾರ್ ರಸ್ತೆಗೆ ಹತ್ತಿಸ್ತಾರೆ. ಅದಕ್ಕಿಂತ ಹೆಚ್ಚಾಗಿ, ನಮ್ಮ ಏರು ಪಕ್ಕಕ್ಕೆ ವಾಲಿದೆ. ಲಾಕ್ ಆದ ಎರಡೂ ಚಕ್ರ ಒಟ್ಟಿಗೇ ಜಾರಿದರೆ ಜೀಪಿನ ಹಿಂಭಾಗ ಇಳಿಜಾರಿನ ಕಡೆಗೆ ಸರಿಯುತ್ತೆ. ಆ ಕಡೆ ಇರೋದು ಹಳ್ಳ.

ಹಾಗಾಗಿ ಲಿಮಿಟೆಡ್ ಸ್ಲಿಪ್. ಅದರಲ್ಲೂ ಎರಡು ಜಾತಿ. ಕ್ಲಚ್ ಪ್ಲೇಟಿನದ್ದು ಒಂದು ಚಕ್ರ ಗಾಳಿಯಲ್ಲಿದ್ದರೂ ಇನ್ನೊಂದಕ್ಕೆ ಸ್ವಲ್ಪ ಬಲ ಕಳಿಸುತ್ತೆ, ಆದರೆ ಪ್ಲೇಟ್ ಸವೆಯುತ್ತೆ, ಬೇರೆ ಥರದ ಆಯಿಲ್ಲೇ ಬೇಕು. ಅಪ್ಪ ಶೆಡ್ಡಿನಲ್ಲಿ ಯಾವ ಡಬ್ಬ ಕೈಗೆ ಸಿಗುತ್ತೋ ಅದನ್ನ ಸುರಿಯೋರು. ಇನ್ನೊಂದು ಬರೀ ಗೇರುಗಳದ್ದು. 1958ರಲ್ಲಿ ವರ್ನನ್ ಗ್ಲೀಸ್‌ಮನ್ ಪೇಟೆಂಟ್ ಪಡೆದ ಟಾರ್ಸೆನ್ ಅದರಲ್ಲಿ ಹೆಸರುವಾಸಿ. ಪ್ಲೇಟೇ ಇಲ್ಲ, ಸವೆಯೋ ಗೋಳಿಲ್ಲ. ಜಾರೋ ಚಕ್ರ ತಡೆದಷ್ಟರ ಎರಡು ಮೂರು ಪಟ್ಟು ಬಲ ಇನ್ನೊಂದಕ್ಕೆ ಹೋಗುತ್ತೆ. ಚಕ್ರ ಪೂರ್ತಿ ಗಾಳಿಯಲ್ಲಿದ್ರೆ ಮಾತ್ರ ಸೊನ್ನೆಯ ಮೂರು ಪಟ್ಟೂ ಸೊನ್ನೇನೇ. ಆದರೆ ನಮ್ಮ ಏರಿನಲ್ಲಿ ಚಕ್ರ ಎತ್ತಿರಲಿಲ್ಲ, ಕೆಸರಿನಲ್ಲಿತ್ತು. ಕೆಸರಿಗೂ ಒಂಚೂರು ಹಿಡಿತ ಇದ್ದೇ ಇರುತ್ತಲ್ಲ. ಗೇರಿನದ್ದೇ ಹಿಂದಿನ ಆಕ್ಸಲ್‌ಗೆ ಹಾಕಿಸಿದ್ವಿ. "ಮೊದಲು ಆ ಬೋಳು ಟೈರ್ ಬದಲಾಯಿಸಿ ಸಾರ್" ಅಂತ ಮೆಕ್ಯಾನಿಕ್ ಬೈದಿದ್ದಕ್ಕೆ ಅದನ್ನೂ.

ಅಮೆರಿಕದ ಸೇನೆಯ ಹಮ್‌ವೀಗಳಲ್ಲೂ ಟಾರ್ಸೆನ್ನೇ ಇರೋದು. ಚಕ್ರ ಗಾಳಿಗೆ ಎದ್ದರೆ ಆಕ್ಸಿಲರೇಟರ್ ಜೊತೆಗೇ ಬ್ರೇಕನ್ನೂ ಹಗುರವಾಗಿ ಒತ್ತೋಕೆ ಅಲ್ಲಿನ ಡ್ರೈವರ್‌ಗಳಿಗೆ ಹೇಳಿಕೊಡ್ತಾರೆ. ಬ್ರೇಕೇ ಆ ಚಕ್ರಕ್ಕೆ ಬೇಕಾದ ತಡೆ. ಅಪ್ಪನಿಗೂ ಇದನ್ನ ಹೇಳಿಕೊಟ್ಟೆ. "ನಲವತ್ತು ವರ್ಷದಿಂದ ಜೀಪು ಓಡಿಸ್ತಿದೀನಿ, ನಂಗೇ ಬ್ರೇಕ್ ತೋರಿಸ್ತೀಯೇನೋ" ಅಂದು, ಎರಡನೇ ಸಲಕ್ಕೆ ನನಗಿಂತ ಚೆನ್ನಾಗಿ ಒತ್ತಿದ್ರು.

ಈ ಜೂನ್‌ನಿಂದ, ರಾತ್ರಿ ಹೊರಗೆ ಹೋದರೆ ಏರು ಹತ್ತಿ ಮನೆ ಸೇರಿದ ಮೇಲೆ ಒಂದು ಮಿಸ್ಡ್ ಕಾಲ್ ಕೊಡ್ತಾರೆ. ಒಂಬತ್ತರೊಳಗೆ ಅಂತ ಒಪ್ಪಂದ. ನಿನ್ನೆ ಒಂಬತ್ತೂ ಇಪ್ಪತ್ತಾಯ್ತು. ದಾರಿಯಲ್ಲಿ ಯಾರದ್ದೋ ಪಿಕಪ್ ಹೂತ್ಕೊಂಡಿತ್ತಂತೆ, ಎಳೆದು ಹಾಕಿ ಬಂದ್ರಂತೆ.