ಕೂತ ಕೊಂಬೆ ಕಡಿದ ಕಥೆ

ಬಹಳ ದಿನ ಆಯ್ತು ಬರೆದು. ಮಳೆ, ಕೆಲಸ, ಮೊಣಕಾಲು ನೋವು... ನೆಪಕ್ಕೇನು ಬರ? ಇವತ್ತು ಕೂತಿದ್ದು ಮಾತ್ರ ಒಂದು ತಪ್ಪೊಪ್ಪಿಗೆ ಬರೆಯೋಕೆ. ಮೂವತ್ತು ವರ್ಷದಿಂದ ಈ ಮುಂಬೈಯಲ್ಲಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಂತಿ ಎಳೆದೇ ಹೊಟ್ಟೆ ಹೊರೆದವನು ನಾನು. ಅಂಥವನು ಮೊನ್ನೆ ಒಂದು ಭಾನುವಾರ ರಾತ್ರಿ, ನನ್ನ ಕೈಯಾರೆ ಜೋಡಿಸಿದ ಸ್ವಿಚ್ಚಿನೊಳಗೆ ಹೋಗಲಾಗದೆ ಹೊರಗೆ ನಿಂತುಬಿಟ್ಟೆ. ಕೂತ ಕೊಂಬೆಯನ್ನೇ ಕಡಿದವನ ಕಥೆ ಎಲ್ಲರೂ ಕೇಳಿದ್ದೇವೆ, ನಕ್ಕಿದ್ದೇವೆ. ಕೆಳಗೆ ಬಿದ್ದ ಮೇಲೆ ಸೊಂಟ ಹೇಗಿರುತ್ತೆ ಅಂತ ಈಗ ಗೊತ್ತಾಯ್ತು.

ನಮ್ಮ ಉಪನಗರದಲ್ಲಿ ಕನ್ನಡದವರದ್ದೊಂದು ಸಂಘ ಇದೆ. ಎರಡು ಅಂತಸ್ತಿನ ಹಳೇ ಕಟ್ಟಡ. ಕೆಳಗೆ ಗ್ರಂಥಾಲಯ, ಮೇಲೆ ಆಫೀಸು ಮತ್ತು ಒಂದು ಸಣ್ಣ ಸಭಾಂಗಣ. ಬ್ಯಾಡಗಿಯಿಂದ ಒಂದು ಟ್ರಂಕು ಹಿಡಿದುಕೊಂಡು 1993ರಲ್ಲಿ ಬಂದಾಗ ಈ ಊರಿನಲ್ಲಿ ನನಗೆ ಮೊದಲು ಅನ್ನ ಹಾಕಿದ್ದು ಅದೇ ಸಂಘದ ಹಿರಿಯರೊಬ್ಬರು. ಹಾಗಾಗಿ ಅಲ್ಲಿನ ಕಂಪ್ಯೂಟರ್ ಕೆಲಸವೆಲ್ಲ ನನ್ನದೇ, ಸಂಬಳ ಎರಡು ಕಪ್ ಚಹಾ.

ಅಲ್ಲೊಂದು ತೊಂದರೆ ಇತ್ತು. ಲೆಕ್ಕಪತ್ರದ ಕಂಪ್ಯೂಟರು, ಗ್ರಂಥಾಲಯದಲ್ಲಿ ಮಕ್ಕಳು ಆಡೋ ಕಂಪ್ಯೂಟರುಗಳು, ಗೋಡೆ ಮೇಲಿನ ಕ್ಯಾಮೆರಾಗಳು, ಎಲ್ಲವೂ ಒಂದೇ ಜಾಲದಲ್ಲಿ ಇದ್ದವು. ಮದುವೆ ಮನೆ ಹಜಾರದಲ್ಲಿ ಎಲ್ಲರೂ ಒಟ್ಟಿಗೆ ಮಲಗಿದ ಹಾಗೆ. ಒಮ್ಮೆ ಕೆಳಗಿನಿಂದ ಯಾವುದೋ ಹುಡುಗ ಒತ್ತಿದ ಗುಂಡಿಗೆ ಮೇಲೆ ಖಜಾಂಚಿಗಳ ಪ್ರಿಂಟರಿನಲ್ಲಿ ಕ್ರಿಕೆಟ್ ಆಟಗಾರನ ಚಿತ್ರ ಪುಟಗಟ್ಟಲೆ ಬಂತು. ಖಜಾಂಚಿಗಳು ನನಗೆ ಫೋನ್ ಮಾಡಿದರು. ಏನಂದರು ಅನ್ನೋದನ್ನು ಇಲ್ಲಿ ಬರೆಯೋ ಹಾಗಿಲ್ಲ :-)

ಇದಕ್ಕೆ ಮದ್ದು ವಿಲ್ಯಾನ್. ಗೊತ್ತಿಲ್ಲದವರಿಗೆ ನಮ್ಮ ಲೋಕಲ್ ಟ್ರೇನಿನ ಉದಾಹರಣೆ ಕೊಡ್ತೀನಿ. ಹಳಿ ಒಂದೇ, ಗಾಡಿ ಒಂದೇ, ಆದರೆ ಮಹಿಳೆಯರ ಡಬ್ಬಿ, ಫಸ್ಟ್ ಕ್ಲಾಸ್, ಬುಟ್ಟಿ ಹೊರುವವರ ಲಗೇಜ್ ಡಬ್ಬಿ ಬೇರೆ ಬೇರೆ. ಒಂದರಿಂದ ಇನ್ನೊಂದಕ್ಕೆ ಒಳಗಿಂದೊಳಗೆ ದಾರಿ ಇಲ್ಲ. ಹಾಗೇ ಒಂದೇ ಸ್ವಿಚ್ಚನ್ನು ಗೋಡೆ ಕಟ್ಟದೆ ನಾಲ್ಕು ಸ್ವಿಚ್ಚಾಗಿ ಒಡೆಯಬಹುದು. ಒಂದೇ ತಂತಿಯಲ್ಲಿ ಎಲ್ಲರ ಮಾತೂ ಹೋಗಬೇಕಾದಾಗ ಪ್ರತಿಯೊಂದು ಕಟ್ಟಿಗೂ ನಾಲ್ಕು ಬೈಟಿನ ಒಂದು ಚೀಟಿ ಅಂಟಿಸುತ್ತಾರೆ. ಅದೇ ಟ್ಯಾಗ್. ಆ ಚೀಟಿಯಲ್ಲಿ ಸಂಖ್ಯೆಗೆ ಇರೋದು 12 ಬಿಟ್ ಜಾಗ, ಮೊದಲನೆಯದು ಕೊನೆಯದು ಬಿಟ್ಟರೆ 4094 ಸಂಖ್ಯೆಗಳು ಸಿಗುತ್ತವೆ. 802.1ಕ್ಯೂ ಅನ್ನೋ ಹೆಸರಿನಲ್ಲಿ 1998ರಲ್ಲೇ ಇದಕ್ಕೆ ನಿಯಮ ಬರೆದಿಟ್ಟಿದ್ದಾರೆ. ನಮ್ಮ ಸಂಘಕ್ಕೆ ಬೇಕಾಗಿದ್ದು ನಾಲ್ಕೇ. ಆಫೀಸಿಗೆ 10, ಗ್ರಂಥಾಲಯಕ್ಕೆ 20, ಕ್ಯಾಮೆರಾಗಳಿಗೆ 30, ಸ್ವಿಚ್ಚನ್ನು ನಿರ್ವಹಿಸೋಕೆ 99.

24 ಪೋರ್ಟಿನ ಸ್ವಿಚ್ಚು. ರೌಟರಿನಲ್ಲಿ 10, 20, 30ರ ಕೆಲಸ ಮಧ್ಯಾಹ್ನವೇ ಮುಗಿಸಿದ್ದೆ. 99ನ್ನು ಆಮೇಲೆ ಮಾಡಿದರಾಯ್ತು ಅಂತ ಬಿಟ್ಟಿದ್ದೆ. ಸ್ವಿಚ್ಚಿನಲ್ಲಿ 24ನೇ ಪೋರ್ಟು ರೌಟರಿಗೆ ಹೋಗೋದು, ಅದರಲ್ಲಿ ನಾಲ್ಕೂ ಟ್ಯಾಗ್ ಸಮೇತ. 1ರಿಂದ 6 ಆಫೀಸು, 7ರಿಂದ 14 ಗ್ರಂಥಾಲಯ, 15ರಿಂದ 23 ಕ್ಯಾಮೆರಾ. ಆಫೀಸಿನದ್ದು ಮುಗಿಯಿತು, ಖಜಾಂಚಿಗಳ ಕಂಪ್ಯೂಟರಿಗೆ ಇಂಟರ್ನೆಟ್ ಬಂತು. ನನ್ನ ಲ್ಯಾಪ್‌ಟಾಪ್ 10ನೇ ಪೋರ್ಟಿಗೆ ಸಿಕ್ಕಿಸಿಕೊಂಡು ಗ್ರಂಥಾಲಯದ್ದು ಅರ್ಧ ಮಾಡಿದ್ದೆ. ಅಷ್ಟರಲ್ಲಿ ಯಾರೋ ಚಹಾ ತಂದರು. ಕುಡಿದು ಬಂದವನಿಗೆ ಎಲ್ಲಿ ನಿಲ್ಲಿಸಿದ್ದೆ ಅನ್ನೋದು ಮರೆತಿತ್ತು. ನಿರ್ವಹಣೆಯ ವಿಲ್ಯಾನ್ 1 ಅಂತ ಇದ್ದದ್ದನ್ನು 99 ಮಾಡಿದೆ. 'ಅಪ್ಲೈ' ಒತ್ತಿದೆ.

ಪರದೆ ಹಾಗೇ ನಿಂತಿತು. ಸುತ್ತುವ ಚಕ್ರ ಸುತ್ತುತ್ತಲೇ ಇತ್ತು.

ಆಗ ಗಂಟೆ ರಾತ್ರಿ ಒಂಬತ್ತು. ಮೊದಲ ಹತ್ತು ನಿಮಿಷ ನಾನೇನೂ ಹೆದರಲಿಲ್ಲ. ಪಿಂಗ್ ಮಾಡಿದೆ. 'ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್'. ಅಂದರೆ ನನ್ನ ಲ್ಯಾಪ್‌ಟಾಪು "192.168.1.2 ಯಾರಪ್ಪಾ, ಎಲ್ಲಿದ್ದೀ?" ಅಂತ ಕೂಗುತ್ತಿದೆ, ಓಗೊಡುವವರಿಲ್ಲ. ಐಪಿ ಸರಿಯಾಗಿದೆಯಾ ನೋಡಿದೆ, ಸರಿ ಇತ್ತು. ಬ್ರೌಸರ್ ಬದಲಿಸಿದೆ. ತಂತಿ ಬದಲಿಸಿದೆ. 24ನೇದನ್ನು ಬಿಟ್ಟು ಒಂದೊಂದೇ ಪೋರ್ಟಿಗೆ ಸಿಕ್ಕಿಸಿ ನೋಡಿದೆ. ಎಲ್ಲಾ ಕಡೆ ಹಸಿರು ದೀಪ ಮಿನುಗುತ್ತೆ, ಉತ್ತರ ಮಾತ್ರ ಇಲ್ಲ. ಕೊನೆಗೆ ಕರೆಂಟ್ ತೆಗೆದು ಹಾಕಿದೆ. ದೊಡ್ಡ ಸ್ವಿಚ್ಚುಗಳಲ್ಲಿ ಇದು ಉಪಾಯ: ಉಳಿಸದ ಬದಲಾವಣೆ ಅಳಿಸಿಹೋಗಿ ಹಳೇ ಸ್ಥಿತಿಗೆ ಬರುತ್ತೆ. ನಮ್ಮ ಈ ಅಗ್ಗದ ಡಬ್ಬಿಯಲ್ಲಿ ಅಪ್ಲೈ ಅಂದರೆ ಅಲ್ಲೇ ಶಿಲಾಶಾಸನ. ಅದಕ್ಕೆ ಕನ್ಸೋಲ್ ಪೋರ್ಟೂ ಇಲ್ಲ, ಇದ್ದಿದ್ದರೆ ಹಿಂಬಾಗಿಲಿನಿಂದಾದರೂ ಹೋಗಬಹುದಿತ್ತು.

ಉಳಿದಿದ್ದು ಒಂದೇ. ಸೂಜಿ ಮೊನೆಯಷ್ಟು ತೂತಿನೊಳಗಿನ ರೀಸೆಟ್ ಗುಂಡಿ. ಒತ್ತಿ ಹಿಡಿದರೆ ಎಲ್ಲ ಅಳಿಸಿ ಅಂಗಡಿಯಿಂದ ತಂದಾಗಿನ ಹಾಗೆ ಆಗುತ್ತೆ. ಮಾಡಬಹುದಿತ್ತು. ಆದರೆ ರೌಟರು ಈಗ ಟ್ಯಾಗ್ ಇಲ್ಲದೆ ಮಾತಾಡೋದಿಲ್ಲ, ಅದನ್ನೂ ಬಿಚ್ಚಬೇಕು, ಮೂರು ಗಂಟೆಯ ಕೆಲಸ ಮಣ್ಣುಪಾಲು. ಅದಕ್ಕಿಂತ ಹೆಚ್ಚಾಗಿ, ನಿಜ ಹೇಳ್ತೀನಿ, ಅಹಂಕಾರ. ಇಷ್ಟು ವರ್ಷ ಕೆಲಸ ಮಾಡಿ ಗುಂಡುಪಿನ್ನು ಹುಡುಕೋದಾ?

ಇಷ್ಟೇ ಆಗಿದ್ದರೆ ಬಾಗಿಲು ಹಾಕಿ ಮನೆಗೆ ಹೋಗುತ್ತಿದ್ದೆ. ಆದರೆ ಗ್ರಂಥಾಲಯದ ಕಂಪ್ಯೂಟರುಗಳಿಗೆ ಇಂಟರ್ನೆಟ್ ಬರುತ್ತಿರಲಿಲ್ಲ. ಮತ್ತು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅಲ್ಲಿಂದಲೇ ಒಬ್ಬಳು ಹುಡುಗಿಗೆ ಸಂದರ್ಶನ ಇತ್ತು.

ಸಂಜೆ ಹೊತ್ತು ನಮ್ಮ ಗ್ರಂಥಾಲಯ ನೋಡಿಕೊಳ್ಳೋದು ಅವಳೇ. ಅಪ್ಪ ಕುಂದಾಪುರದ ಕಡೆಯವರು, ಹೋಟೆಲಿನಲ್ಲಿ ಕೆಲಸ. ಒಂದೇ ಖೋಲಿಯಲ್ಲಿ ಐದು ಜನ. ಅಲ್ಲಿ ಕ್ಯಾಮೆರಾ ಮುಂದೆ ಕೂತು ಇಂಗ್ಲಿಷಿನಲ್ಲಿ ಮಾತಾಡೋದು ಸಾಧ್ಯವಿಲ್ಲ ಅಂತ ವಾರದ ಹಿಂದೆಯೇ ಕಾರ್ಯದರ್ಶಿಗಳನ್ನು ಕೇಳಿ ಗ್ರಂಥಾಲಯದ ಮೂಲೆಯ ಕಂಪ್ಯೂಟರು ಗೊತ್ತು ಮಾಡಿಕೊಂಡಿದ್ದಳು. ಆ ದಪ್ಪ ಗೋಡೆಗಳ ಒಳಗೆ ಮೊಬೈಲ್ ಸಿಗ್ನಲ್ಲೂ ನೆಟ್ಟಗೆ ಸಿಗೋದಿಲ್ಲ. ಒಂಬತ್ತೂವರೆಗೆ ಬಾಗಿಲು ಹಾಕೋಕೆ ಬಂದವಳು ನನ್ನ ಮುಖ ನೋಡಿ ಅಲ್ಲೇ ಸ್ಟೂಲಿನ ಮೇಲೆ ಕೂತಳು. ಏನೂ ಕೇಳಲಿಲ್ಲ. ಮನೆಗೆ ಹೋಗಮ್ಮ ಅಂದೆ, ಹೋಗಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹನ್ನೊಂದಾಯ್ತು. ಹೊರಗೆ ಮಳೆ. ನಾನು ಮತ್ತೆ ಮತ್ತೆ ಅದೇ ಪಿಂಗ್ ಒತ್ತುತ್ತಾ ಇದ್ದೆ, ಹಲ್ಲು ನೋವಿದ್ದವನು ನಾಲಗೆಯಿಂದ ಅದೇ ಹಲ್ಲು ಮುಟ್ಟಿ ನೋಡುವ ಹಾಗೆ. ಆಗ ಅವಳು ಮೆಲ್ಲಗೆ ಕೇಳಿದಳು.

"ಅಂಕಲ್, ಮೇಲೆ ಆಫೀಸಿನದ್ದು ನಡೀತಾ ಇದ್ಯಾ?"

"ನಡೀತಿದೆ."

"ಹಾಗಾದ್ರೆ ನನ್ನ ಕಂಪ್ಯೂಟರಿನ ವಾಯರ್ ಅವರ ತೂತಿಗೆ ಹಾಕಿದ್ರೆ ಆಗಲ್ವಾ?"

ಸ್ನೇಹಿತರೆ, ನಾನು ಸುಮ್ಮನೆ ಎದ್ದು ಹೋಗಿ 12ನೇ ಪೋರ್ಟಿನ ತಂತಿ ಕಿತ್ತು ಖಾಲಿ ಇದ್ದ 4ಕ್ಕೆ ಸಿಕ್ಕಿಸಿದೆ. ಅರ್ಧ ನಿಮಿಷದಲ್ಲಿ ಮೂಲೆಯ ಕಂಪ್ಯೂಟರಿಗೆ ಇಂಟರ್ನೆಟ್ ಬಂತು. ಸ್ವಿಚ್ಚಿನ ಒಳಗೆ ಹೋಗಲಾಗದಿದ್ದರೂ ಸ್ವಿಚ್ಚು ತನ್ನ ಕೆಲಸ ತಾನು ಮಾಡುತ್ತಲೇ ಇರುತ್ತೆ. ಬೀಗ ಬಿದ್ದಿದ್ದು ಯಜಮಾನನಿಗೆ ಮಾತ್ರ. ಇದನ್ನು ಎಷ್ಟೋ ಹುಡುಗರಿಗೆ ನಾನೇ ಪಾಠ ಹೇಳಿದ್ದೇನೆ. ಎರಡು ಗಂಟೆ ನಾನು ಬಿಡಿಸುತ್ತಿದ್ದದ್ದು ನನ್ನ ಸಮಸ್ಯೆಯನ್ನು, ಅವಳದ್ದನ್ನಲ್ಲ.

ಅವಳನ್ನು ಕಾವಲುಗಾರರ ಜೊತೆ ಮಾಡಿ ಮನೆಗೆ ಕಳಿಸಿದೆ. ನನಗೆ ಕೊನೆಯ ಲೋಕಲ್ ಹೋಗುತ್ತೆ ಅಂತ ಗೊತ್ತಿತ್ತು, ಹೋಗಲಿ ಅಂತ ಕೂತೆ. ಎದೆ ಹಗುರಾದ ಮೇಲೆ ತಲೆ ನೆಟ್ಟಗಾಯ್ತು. ಲ್ಯಾಪ್‌ಟಾಪ್ ಮುಚ್ಚಿ, ಸಂಘದ ಹಳೇ ಆಮಂತ್ರಣ ಪತ್ರಿಕೆಯ ಹಿಂದೆ ಪೆನ್ಸಿಲಿನಲ್ಲಿ 24 ಚೌಕ ಬರೆದೆ. ಪ್ರತಿಯೊಂದರಲ್ಲೂ ಏನು ಮಾಡಿದ್ದೆ ಅಂತ ನೆನಪು ಮಾಡಿಕೊಂಡು ತುಂಬಿದೆ. ಎರಡೂ ತಪ್ಪು ಕಣ್ಣಿಗೆ ರಾಚಿದವು.

ಮೊದಲನೆಯದು ಗ್ರಂಥಾಲಯದ್ದು. 7ರಿಂದ 14ನ್ನು 20ರ ಸದಸ್ಯರನ್ನಾಗಿ ಮಾಡಿದ್ದೆ, ಆದರೆ ಪಿವಿಐಡಿ ಅನ್ನೋದನ್ನು 1ರಲ್ಲೇ ಬಿಟ್ಟಿದ್ದೆ. ಸದಸ್ಯತ್ವ ಹೇಳೋದು ಯಾರ ಕಟ್ಟು ಈ ಬಾಗಿಲಿನಿಂದ ಹೊರಗೆ ಬರಬಹುದು ಅಂತ. ಪಿವಿಐಡಿ ಹೇಳೋದು ಚೀಟಿಯಿಲ್ಲದೆ ಒಳಗೆ ಬಂದವರನ್ನು ಯಾವ ಡಬ್ಬಿಗೆ ಹತ್ತಿಸಬೇಕು ಅಂತ. ಹಾಗಾಗಿ ಆ ಕಂಪ್ಯೂಟರುಗಳ ಕೂಗು 1ಕ್ಕೆ ಹೋಗುತ್ತಿತ್ತು, ರೌಟರು 20ರಲ್ಲಿ ಕಾಯುತ್ತಿತ್ತು. ಒಬ್ಬರು ದಾದರಿನ ಒಂದು ಪ್ಲಾಟ್‌ಫಾರ್ಮಿನಲ್ಲಿ, ಇನ್ನೊಬ್ಬರು ಮತ್ತೊಂದರಲ್ಲಿ.

ಎರಡನೆಯದು ನನ್ನದು. 99 ಇದ್ದದ್ದು 24ನೇ ಪೋರ್ಟಿನಲ್ಲಿ ಮಾತ್ರ, ಅದೂ ಟ್ಯಾಗ್ ಸಮೇತ. ರೌಟರಿಗೆ 99 ಇನ್ನೂ ಗೊತ್ತೇ ಇಲ್ಲ. ಅಂದರೆ ಸ್ವಿಚ್ಚಿನ ಆಫೀಸನ್ನು ಒಂದು ಕೋಣೆಗೆ ಸಾಗಿಸಿದ್ದೆ, ಆ ಕೋಣೆಗೆ ಒಂದೇ ಬಾಗಿಲು, ಆ ಬಾಗಿಲಲ್ಲಿ 99 ಅಂತ ಚೀಟಿ ತೋರಿಸಿದವರಿಗೆ ಮಾತ್ರ ಪ್ರವೇಶ. ನಾನು ಚೀಟಿಯಿಲ್ಲದೆ ಉಳಿದ ಬಾಗಿಲುಗಳನ್ನೆಲ್ಲ ಬಡಿದಿದ್ದೆ.

ಹಾಗಾದರೆ ಚೀಟಿ ಅಂಟಿಸಿಕೊಂಡು ಹೋದರಾಯ್ತು! ನನ್ನ ವಿಂಡೋಸ್ ಲ್ಯಾಪ್‌ಟಾಪಿನ ಡ್ರೈವರಿನಲ್ಲಿ ಟ್ಯಾಗ್ ಹಾಕುವ ಸೌಕರ್ಯ ಇರಲಿಲ್ಲ. ಬ್ಯಾಗಿನಲ್ಲಿ ಯಾವಾಗಲೂ ಇರುವ ಲಿನಕ್ಸ್ ಪೆನ್‌ಡ್ರೈವಿನಿಂದ ಶುರು ಮಾಡಿದೆ. ಈಥರ್‌ನೆಟ್ ಕಾರ್ಡಿನ ಮೇಲೆ ವಿಲ್ಯಾನ್ 99ರ ಒಂದು ಉಪಕೊಂಡಿ ಹುಟ್ಟಿಸಿ, ಅದಕ್ಕೆ 192.168.1.50 ಅಂತ ಐಪಿ ಕೊಟ್ಟು, ಎಬ್ಬಿಸಿ ನಿಲ್ಲಿಸೋದು ಮೂರು ಸಾಲಿನ ಕೆಲಸ. 24ರಿಂದ ರೌಟರಿನ ತಂತಿ ಕಿತ್ತು ನನ್ನದು ಸಿಕ್ಕಿಸಿದೆ. ಪಿಂಗ್.

ಉತ್ತರ ಬಂತು. ಒಂದು, ಎರಡು, ಮೂರು... ಆ ಸಾಲುಗಳನ್ನು ಸುಮ್ಮನೆ ನೋಡುತ್ತಾ ಕೂತೆ.

ಆಮೇಲಿನದ್ದು ಹತ್ತು ನಿಮಿಷದ ಕೆಲಸ. ಮೊಟ್ಟಮೊದಲು 23ನೇ ಪೋರ್ಟನ್ನು ಕ್ಯಾಮೆರಾಗಳಿಂದ ಬಿಡಿಸಿ, ಟ್ಯಾಗ್ ಇಲ್ಲದೆ 99ರಲ್ಲಿ ಹಾಕಿ, ಪಿವಿಐಡಿ 99 ಮಾಡಿದೆ. ಲ್ಯಾಪ್‌ಟಾಪನ್ನು ವಿಂಡೋಸಿನಲ್ಲೇ ಅಲ್ಲಿಗೆ ಸಿಕ್ಕಿಸಿ ಒಳಗೆ ಹೋಗಲು ಆಗುತ್ತಾ ನೋಡಿದೆ. ಆಯ್ತು ಅಂತ ಖಾತ್ರಿಯಾದ ಮೇಲೆ ಗ್ರಂಥಾಲಯದ ಪಿವಿಐಡಿ 20 ಮಾಡಿದೆ, ರೌಟರಿನ ತಂತಿಯನ್ನು ಮತ್ತೆ 24ಕ್ಕೆ ಹಾಕಿದೆ, 12ನೇದನ್ನು ಅದರ ಜಾಗಕ್ಕೆ ತಂದೆ. ಎಲ್ಲಾ ಸೆಟ್ಟಿಂಗಿನ ಒಂದು ಪ್ರತಿ ಇಳಿಸಿಟ್ಟುಕೊಂಡೆ. ಗ್ರಂಥಾಲಯದ ಬೆಂಚಿನ ಮೇಲೆ ಮಲಗಿದೆ.

ಇದೇ ರೋಗಕ್ಕೆ ದೊಡ್ಡವರು ಮದ್ದು ಮಾಡಿಟ್ಟಿದ್ದಾರೆ. ಸಿಸ್ಕೋದಲ್ಲಿ 'ರೀಲೋಡ್ ಇನ್ 10' ಅಂತ ಬರೆದು ಕೆಲಸ ಶುರು ಮಾಡಬಹುದು. ಬದಲಾವಣೆಯನ್ನು ಉಳಿಸದೆ ಇದ್ದು, ನೀವು ಹೊರಗೆ ಸಿಕ್ಕಿಹಾಕಿಕೊಂಡರೆ, ಹತ್ತು ನಿಮಿಷಕ್ಕೆ ಅದೇ ಮರುಹುಟ್ಟು ಪಡೆದು ಹಳೇ ಸ್ಥಿತಿಗೆ ಬರುತ್ತೆ. ಜೂನಿಪರಿನಲ್ಲಿ 'ಕಮಿಟ್ ಕನ್ಫರ್ಮ್ಡ್': ಹತ್ತು ನಿಮಿಷದೊಳಗೆ ನೀವು ಮತ್ತೆ ಹೂಂ ಅನ್ನದಿದ್ದರೆ ತಾನೇ ಹಿಂದಕ್ಕೆ ಹೋಗುತ್ತೆ. ಮೈಕ್ರೋಟಿಕ್‌ನಲ್ಲಿ 'ಸೇಫ್ ಮೋಡ್' ಇದೆ. ಅಂದರೆ ಕೊಂಬೆ ಕಡಿಯೋದು ನಾನೊಬ್ಬನೇ ಅಲ್ಲ! ಅಗ್ಗದ ಡಬ್ಬಿಗಳಲ್ಲಿ ಮಾತ್ರ ಆ ಬುದ್ಧಿ ನಮ್ಮ ತಲೆಯಲ್ಲೇ ಇರಬೇಕು. ಹೊಸ ಬಾಗಿಲು ತೆರೆಯಿತಾ ನೋಡು, ಆಮೇಲೆ ಹಳೇದನ್ನು ಮುಚ್ಚು.

ಬೆಂಚಿನ ಮೇಲೆ ಮಲಗಿದಾಗ ಅವ್ವ ನೆನಪಾದಳು. ಬ್ಯಾಡಗಿಯ ಮನೆಯಲ್ಲಿ ಎರಡನೇ ಕೀಲಿಕೈ ಯಾವಾಗಲೂ ಪಕ್ಕದ ಮನೆಯ ಗೂಟಕ್ಕೆ ತೂಗುತ್ತಿತ್ತು. ನಾನು ಅವಸರದಲ್ಲಿ ಹೊರಟರೆ ಹಿಂದಿನಿಂದ ಕೂಗುತ್ತಿದ್ದಳು, "ಕೀಲಿ ಹಾಕೂಕಿಂತ ಮೊದ್ಲ ಕೀಲಿಕೈ ಎಲ್ಲೈತಿ ನೋಡ್ಕೋ ತಮ್ಮಾ." ಅವಳು ಹೋದ ಮೇಲೆ ಆ ಮನೆಗೆ ಬೀಗ ಹಾಕಿ ಬಂದವನು ನಾನೇ. ಎರಡನೇ ಕೀಲಿಕೈಯನ್ನೂ ಜೊತೆಗೇ ತಂದುಬಿಟ್ಟೆ. ಈಗ ಎರಡೂ ಇಲ್ಲೇ, ಮುಂಬೈಯ ಕಪಾಟಿನಲ್ಲಿವೆ. ಮಳೆಗೆ ಸೂರು ಸೋರಿದರೂ ಒಳಗೆ ಹೋಗಿ ನೋಡುವವರಿಲ್ಲ. ಈ ಸಲ ಊರಿಗೆ ಹೋದಾಗ ಒಂದನ್ನು ಪಕ್ಕದ ಮನೆಗೆ ಕೊಟ್ಟು ಬರಬೇಕು.

ಹುಡುಗಿಯ ಸಂದರ್ಶನ ಚೆನ್ನಾಗಾಯಿತಂತೆ, ಎರಡನೇ ಸುತ್ತಿಗೆ ಕರೆ ಬಂದಿದೆ. ಸ್ವಿಚ್ಚಿನ ಪೆಟ್ಟಿಗೆಯ ಬಾಗಿಲಿನ ಒಳಗೆ ಈಗ ಒಂದು ಕಾಗದ ಅಂಟಿಸಿದ್ದೇವೆ, ಯಾವ ಪೋರ್ಟು ಯಾರದ್ದು ಅಂತ. ನಾನು ಹೇಳಿದೆ, ಅವಳು ಬರೆದಳು. ಮರಾಠಿ ಶಾಲೆಯಲ್ಲಿ ಓದಿದವಳು, ಕನ್ನಡ ಅಕ್ಷರ ಕಲಿತದ್ದು ನಮ್ಮ ಸಂಘದಲ್ಲೇ. ಕೊನೆಯ ಸಾಲು ಕೆಂಪು ಶಾಯಿಯಲ್ಲಿದೆ: "23 ಮುಟಬೇಡಿ, ಅದು ಅಂಕಲ್ ಕೀಲಿಕೈ."

ಒತ್ತಕ್ಷರ ಒಂದು ಬಿಟ್ಟುಹೋಗಿದೆ. ನಾನು ತಿದ್ದಲಿಲ್ಲ.